ಅಜ್ಜನ ಅಜ್ಜನ ಹೆಸರು ಹುಡುಕುವುದು ಹೇಗೆ? ಉತ್ತರ ಕನ್ನಡದವರಿಗೆ ಹಳೇ ಕಾಗದಗಳ ದಾರಿ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಯಾವ ಕಡೆಯವರೇ ಆಗಲಿ, ಕೇಳುವ ಪ್ರಶ್ನೆ ಒಂದೇ. "ನಮ್ಮ ಮನೆತನದ ಮೂಲ ಹುಡುಕಬೇಕು, ಧಾರವಾಡದ ಯೂನಿವರ್ಸಿಟಿಯಲ್ಲಿ ಹಳೇ ದಾಖಲೆ ಇದೆಯಂತೆ, ಅಲ್ಲಿ ಹೋದರೆ ವಂಶವೃಕ್ಷ ಸಿಗುತ್ತದಾ?"

ನೇರವಾಗಿ ಹೇಳುತ್ತೇನೆ. ಬರೆದಿಟ್ಟ ವಂಶವೃಕ್ಷ ಯಾವ ವಿಶ್ವವಿದ್ಯಾಲಯದಲ್ಲೂ ನಿಮಗಾಗಿ ಕಾದು ಕೂತಿಲ್ಲ. ಆದರೆ ನಿಮ್ಮ ಊರಿನ ಶಾಸನ, ಹಸ್ತಪ್ರತಿ, ಗ್ಯಾಝೆಟಿಯರ್ (ಜಿಲ್ಲೆಯ ವಿವರ ಕೊಡುವ ಸರ್ಕಾರಿ ಪುಸ್ತಕ), ಕಂದಾಯದ ವರದಿ, ನಿಮ್ಮ ತಾಲೂಕಿನ ಬಗ್ಗೆ ಯಾರೋ ಬರೆದ ಪಿಎಚ್‌ಡಿ ಪ್ರಬಂಧ, ಇಷ್ಟೆಲ್ಲ ಅಲ್ಲಿ ಇರುತ್ತದೆ. ಮನೆತನದ ಹೆಸರುಗಳು ಬೇರೆ ಕಡೆ ಸಿಗುತ್ತವೆ. ಎರಡನ್ನೂ ಜೋಡಿಸುವ ಕೆಲಸ ನಿಮ್ಮದು. ಅದಕ್ಕೊಂದು ಕ್ರಮ ಇದೆ. ಕ್ರಮ ಬಿಟ್ಟು ಮೊದಲ ದಿನವೇ ಧಾರವಾಡದ ಬಸ್ಸು ಹತ್ತಿದರೆ ಬರಿಗೈಯಲ್ಲಿ ವಾಪಸ್ ಬರುತ್ತೀರಿ.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಹೆಸರು ಹಿಡಿದು ಹುಡುಕಬಾರದು, ಜಮೀನು ಹಿಡಿದು ಹುಡುಕಬೇಕು. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಪದ್ಧತಿ ಇರುವ ಕಡೆ ಒಂದೇ ಊರಿನಲ್ಲಿ ನಾಲ್ಕು ಗಣಪತಿ, ಐದು ಮಂಜುನಾಥ ಇರುತ್ತಾರೆ. ಅಡ್ಡಹೆಸರೂ ಗಟ್ಟಿಯಲ್ಲ. ಒಂದೇ ಮನೆಯ ಅಣ್ಣ ಹೆಗಡೆ, ತಮ್ಮ ಭಟ್ಟ ಎಂದು ಬರೆಸಿಕೊಂಡದ್ದು ಘಟ್ಟದ ಮೇಲೆ ಬೇಕಾದಷ್ಟಿದೆ. ತೋಟ, ಗದ್ದೆ, ಮನೆ ಇದ್ದ ಜಾಗ ಮಾತ್ರ ಅಲ್ಲೇ ಇರುತ್ತದೆ.

1. ಮೊದಲು ಮನೆಯ ಪೆಟ್ಟಿಗೆ ತೆಗೆಯಿರಿ

ಅಟ್ಟದ ಮೇಲಿನ ಟ್ರಂಕು, ದೇವರ ಕೋಣೆಯ ಪೆಟ್ಟಿಗೆ, ದೊಡ್ಡಪ್ಪನ ಮನೆಯ ಕಪಾಟು. ಹುಡುಕಬೇಕಾದ್ದು ಇವು: ಪಾಲುಪಟ್ಟಿ (ಅಣ್ಣ ತಮ್ಮಂದಿರು ಹಿಸ್ಸೆ ಮಾಡಿಕೊಂಡಾಗ ಬರೆದ ಕಾಗದ), ದತ್ತಕ ಪತ್ರ, ಅಡವು ಪತ್ರ, ಗೇಣಿ ಚೀಟಿ, ಹಳೇ ತೀರ್ವೆ ರಶೀದಿ, ಜಾತಕ, ಮದುವೆಯ ಕರೆಯೋಲೆ. ಪಾಲುಪಟ್ಟಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಅದರಲ್ಲಿ ಯಾರಿಗೆ ಯಾವ ತೋಟ, ಎಷ್ಟು ಪಾತ್ರೆ ಬಂತು ಎನ್ನುವ ತನಕ ಇರುತ್ತದೆ, ಜೊತೆಗೆ ಅಪ್ಪ ಅಜ್ಜನ ಹೆಸರೂ ಇರುತ್ತದೆ.

ಶ್ರಾದ್ಧ ಮಾಡುವ ಮನೆಯಾದರೆ ಪಿತೃ, ಪಿತಾಮಹ, ಪ್ರಪಿತಾಮಹ ಎಂದು ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ತಾಯಿ ಕಡೆಯದನ್ನೂ ಹೇಳುತ್ತಾರೆ. ಪುರೋಹಿತರ ಹತ್ತಿರ ಕೇಳಿ ಬರೆದುಕೊಳ್ಳಿ.

ಮನೆಯ ಹಿರಿಯ ಹೆಂಗಸರನ್ನು ಮರೆಯಬೇಡಿ. ಮದುವೆಯಾದ ಮೇಲೆ ಹೆಸರು ಬದಲಿಸುವ ರೂಢಿ ನಮ್ಮಲ್ಲಿ ಹಲವು ಸಮಾಜಗಳಲ್ಲಿ ಇತ್ತು. ತವರಿನ ಕಾಗದದಲ್ಲಿ ಒಂದು ಹೆಸರು, ಗಂಡನ ಮನೆ ಕಾಗದದಲ್ಲಿ ಇನ್ನೊಂದು. ಇಬ್ಬರು ಬೇರೆ ಬೇರೆ ಎಂದುಕೊಂಡು ಮರದಲ್ಲಿ ಎರಡು ಕೊಂಬೆ ಬರೆಯುವವರು ಬಹಳ. ಯಾವ ಹೆಸರು ತವರಿನದು ಎಂದು ಹೇಳಬಲ್ಲವರು ಆ ಅಜ್ಜಿಯಂದಿರು ಮಾತ್ರ, ಹಾಗಾಗಿ ಈ ಕೆಲಸ ಮುಂದೂಡಬೇಡಿ.

2. ಜಮೀನಿನ ಎಳೆ ಹಿಡಿಯಿರಿ

ಮೂಲ ಮನೆ ಅಥವಾ ತೋಟದ ಸರ್ವೆ ನಂಬರ್ ಬೇಕು. ಗೊತ್ತಿಲ್ಲವಾದರೆ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸಾಕು, ತೋರಿಸುತ್ತದೆ. ಆ ನಂಬರ್ ಹಿಡಿದು ಈಗಿನ ಪಹಣಿ ತೆಗೆಸಿ. ಪಹಣಿಯಲ್ಲಿ ಈ ಹಕ್ಕು ಹೇಗೆ ಬಂತು ಎಂದು ಹೇಳುವ ಕಲಂ ಇದೆ, ಅಲ್ಲಿ ಮ್ಯುಟೇಶನ್ ನಂಬರ್ ಇರುತ್ತದೆ. ಮ್ಯುಟೇಶನ್ ಅಂದರೆ ಖಾತೆ ಒಬ್ಬರಿಂದ ಇನ್ನೊಬ್ಬರಿಗೆ ಬದಲಾದ ದಾಖಲೆ.

ಆ ನಮೂದಿನ ನಕಲು ಕೇಳಿ. ಅದು ಅದರ ಹಿಂದಿನದಕ್ಕೆ ದಾರಿ ತೋರಿಸುತ್ತದೆ, ಅದು ಅದಕ್ಕೂ ಹಿಂದಿನದಕ್ಕೆ. ಒಬ್ಬರು ತೀರಿಕೊಂಡಾಗ ವಾರಸುದಾರರ ಹೆಸರನ್ನೆಲ್ಲ ಬರೆಯಬೇಕಿತ್ತು, ಹಾಗಾಗಿ ಪ್ರತಿ ಸಾವಿನ ನಮೂದೂ ಒಂದು ಸಣ್ಣ ವಂಶವೃಕ್ಷವೇ. ಹೀಗೆ ಹಿಂದೆ ಹಿಂದೆ ಹೋದರೆ 20ನೇ ಶತಮಾನದ ಮೊದಲ ದಶಕಗಳ ತನಕ, ದಾಖಲೆ ಹಾಳಾಗದೆ ಉಳಿದಿದ್ದರೆ, ಮುಟ್ಟಬಹುದು. ಹಳೆಯದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತದೆ. ಇವನ್ನೆಲ್ಲ ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಬಂದಿದೆ, ನಿಮ್ಮ ತಾಲೂಕಿನದು ಮುಗಿದಿದೆಯೇ ಎಂದು ಮೊದಲೇ ವಿಚಾರಿಸಿ.

ಹಳೇ ನಮೂದಿನಲ್ಲಿ ಕೆಲವು ಗುರುತುಗಳು ಗೊತ್ತಿರಬೇಕು. ಇಲ್ಲವಾದರೆ ಓದಿಯೂ ತಿಳಿಯುವುದಿಲ್ಲ.

"ತಿಮ್ಮ ಬಿನ್ ಗಣಪ" ಅಂದರೆ ಗಣಪನ ಮಗ ತಿಮ್ಮ. "ದೇವಿ ಕೋಂ ತಿಮ್ಮ" ಅಂದರೆ ತಿಮ್ಮನ ಹೆಂಡತಿ ದೇವಿ. "ಉರ್ಫ್" ಬಂದರೆ ಇನ್ನೊಂದು ಹೆಸರೂ ಇದೆ ಎಂದರ್ಥ, ಎರಡನ್ನೂ ಬರೆದುಕೊಳ್ಳಿ. "ಅ.ಪಾ.ಕ." ಅಂದರೆ ಅಜ್ಞಾನ ಪಾಲನಕರ್ತ, ವಯಸ್ಸಿಗೆ ಬಾರದ ಮಗುವಿನ ಪರವಾಗಿ ನಿಂತವರು. "ಎ.ಕು.ಮ್ಯಾ." ಅಂದರೆ ಏಕತ್ರ ಕುಟುಂಬದ ಮ್ಯಾನೇಜರ್. ಜನ ಎಡವುವುದು ಈ ಕೊನೆಯದರಲ್ಲೇ. ಖಾತೆಯಲ್ಲಿ ಅಣ್ಣನೊಬ್ಬನ ಹೆಸರು ಮಾತ್ರ ಕಾಣುತ್ತದೆ, ತಮ್ಮಂದಿರು ಇಲ್ಲವೇ ಇಲ್ಲ ಅನ್ನಿಸುತ್ತದೆ. ಅವರೆಲ್ಲ ಆ ಮೂರು ಅಕ್ಷರದ ಹಿಂದೆ ಇದ್ದಾರೆ. ಪಾಲಾದ ವರ್ಷದ ನಮೂದಿನಲ್ಲಿ ಒಟ್ಟಿಗೇ ಹೊರಗೆ ಬರುತ್ತಾರೆ.

ಕೋರ್ಟು, ಬ್ಯಾಂಕು, ಪೌತಿ ಖಾತೆಗೆ ಬೇಕಾದ ವಂಶವೃಕ್ಷ ದೃಢೀಕರಣ ನಾಡಕಚೇರಿಯಿಂದ ಸಿಗುವುದು, ಅದು ಬೇರೆ. ಇಲ್ಲಿ ಹೇಳುತ್ತಿರುವ ಹುಡುಕಾಟದಿಂದ ಅದು ಸಿಗುವುದಿಲ್ಲ. ಮತ್ತೆ ಆಸ್ತಿ ತಕರಾರು ನಡೆಯುತ್ತಿದ್ದರೆ ವಕೀಲರ ಹತ್ತಿರ ಮಾತಾಡಿಯೇ ಕಾಗದ ಮುಟ್ಟಿ.

3. ವರ್ಷ ನೋಡಿ, ಆಮೇಲೆ ಊರು ಆರಿಸಿ

ನಮ್ಮ ಜಿಲ್ಲೆಯ ಕಾಗದ ಒಂದೇ ಕಡೆ ಇಲ್ಲ. ಜಿಲ್ಲೆ ಯಾರ ಕೈಯಲ್ಲಿತ್ತೋ ಕಾಗದವೂ ಅವರ ರಾಜಧಾನಿಗೆ ಹೋಗಿದೆ. ಈ ಲೆಕ್ಕ ಗೊತ್ತಿಲ್ಲದೆ ಬೆಂಗಳೂರಿನಲ್ಲಿ 1850ರ ಕಾಗದ ಕೇಳಿ ಸುಮ್ನೆ ಅಲೆಯುವವರಿದ್ದಾರೆ.

1956ರ ನವೆಂಬರ್ 1ರ ನಂತರದ್ದು ಬೆಂಗಳೂರಿನ ರಾಜ್ಯ ಪತ್ರಾಗಾರ (ಸರ್ಕಾರದ ಹಳೇ ಕಡತ ಕಾಪಾಡುವ ಇಲಾಖೆ) ಮತ್ತು ಜಿಲ್ಲೆಯ ಕಚೇರಿಗಳಲ್ಲಿ. 1862ರಿಂದ 1956ರ ತನಕ ನಾವು ಮುಂಬೈ ಪ್ರಾಂತದಲ್ಲಿದ್ದೆವು, ಆ ಕಾಲದ ಸರ್ಕಾರಿ ಪತ್ರವ್ಯವಹಾರ ಮುಂಬೈನ ಮಹಾರಾಷ್ಟ್ರ ಪತ್ರಾಗಾರದಲ್ಲಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ (ನಮ್ಮ ಜಿಲ್ಲೆಯೂ ಸೇರಿದ ಕರಾವಳಿ ಸೀಮೆಯ ಆಗಿನ ಹೆಸರು) ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು, ಅಲ್ಲಿಂದ 1862ರ ತನಕ ಮದ್ರಾಸ್ ಪ್ರಾಂತ. ಆಗಿನದು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ. ಅದಕ್ಕೂ ಹಿಂದೆ ಸೋದೆ, ಬಿಳಗಿ, ಕೆಳದಿ ಅರಸರ ಕಾಲ, ಹೈದರನ ಕಾಲ. ಸೋದೆ ಅರಸರು ಹೈದರನ ದಾಳಿಗೆ ಸಿಕ್ಕು ಗೋವಾಕ್ಕೆ ಹೋದವರು, ಪೋರ್ಚುಗೀಸರ ಜೊತೆ ಅವರ ಪತ್ರವ್ಯವಹಾರ ಪಣಜಿಯ ಪತ್ರಾಗಾರದಲ್ಲಿದೆ.

ಇನ್ನೊಂದು ಮುಖ್ಯ ವಿಷಯ. ಮುಂಬೈ ಸರ್ಕಾರದ ಸರ್ವೆ ಆಗುವ ಮೊದಲು ನಮ್ಮಲ್ಲಿ ಸರ್ವೆ ನಂಬರೇ ಇರಲಿಲ್ಲ. ಕಂದಾಯದ ಲೆಕ್ಕ ಇದ್ದದ್ದು "ವರ್ಗ"ದ ಮೇಲೆ. ವರ್ಗ ಅಂದರೆ ಒಬ್ಬ ಒಡೆಯನ ಹೆಸರಿನಲ್ಲಿ ಒಟ್ಟಿಗೆ ಲೆಕ್ಕಕ್ಕೆ ಹಿಡಿದ ಜಮೀನು, ತುಂಡುಗಳು ಬೇರೆ ಬೇರೆ ಕಡೆ ಇದ್ದರೂ ಸರಿ. ವರ್ಗದಾರ ಸತ್ತು ಎಷ್ಟೋ ಕಾಲವಾದರೂ ಹೆಸರು ಹಾಗೇ ಉಳಿಯುವುದಿತ್ತು. ಆದ್ದರಿಂದ ಹಳೇ ಲೆಕ್ಕದಲ್ಲಿ ಒಂದು ಹೆಸರು ಕಂಡ ಕೂಡಲೇ ಆ ಮನುಷ್ಯ ಆ ವರ್ಷ ಬದುಕಿದ್ದ ಎಂದು ಬರೆಯಬೇಡಿ.

ಬ್ರಿಟಿಷರ ಕಾಲದ ಜನಗಣತಿಯಲ್ಲಿ ಹೆಸರು ಸಿಗುತ್ತದಾ ಎಂದೂ ಕೇಳುತ್ತಾರೆ. ಸಿಗುವುದಿಲ್ಲ. ಮನೆಮನೆಯ ಹೆಸರಿನ ಪಟ್ಟಿ ಉಳಿಸಿಲ್ಲ, ಒಟ್ಟು ಅಂಕಿ ಮಾತ್ರ ಇದೆ. ಅದರ ಹಿಂದೆ ಬೀಳಬೇಡಿ.

4. ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು

ಧಾರವಾಡದಲ್ಲಿ ನೋಡಬೇಕಾದ್ದು ಎರಡು ಜಾಗ, ಎರಡೂ ಕರ್ನಾಟಕ ವಿಶ್ವವಿದ್ಯಾಲಯದವೇ. ಒಂದು ಮುಖ್ಯ ಗ್ರಂಥಾಲಯ. ಇನ್ನೊಂದು 1939ರಲ್ಲಿ ಮುಂಬೈ ಸರ್ಕಾರ ಶುರು ಮಾಡಿದ, ಆಮೇಲೆ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆ. ಆರ್.ಎಸ್. ಪಂಚಮುಖಿ ಅದರ ಮೊದಲ ನಿರ್ದೇಶಕರು. ಮುಂಬೈ ಕರ್ನಾಟಕದ ಶಾಸನ ಹುಡುಕಿ ಓದಿ ಅಚ್ಚು ಮಾಡಿದ ಸಂಸ್ಥೆ ಅದು, ನಮ್ಮ ಜಿಲ್ಲೆಯೂ ಆ ಲೆಕ್ಕದಲ್ಲಿ ಬರುತ್ತದೆ. ಹಸ್ತಪ್ರತಿ ಸಂಗ್ರಹವೂ ಇದೆ.

ಶಿರಸಿ, ಸಿದ್ದಾಪುರದವರಿಗೆ ಹತ್ತಿರದ್ದು ಸಾಗರದ ಬಳಿಯ ಕೆಳದಿ. ಅಲ್ಲಿನ ವಸ್ತುಸಂಗ್ರಹಾಲಯ ಈಗ ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ತಾಳೆಗರಿ, ಅದರಲ್ಲೂ ತಿಗಳಾರಿ ಲಿಪಿಯವು ಅಲ್ಲಿ ಜಾಸ್ತಿ. ಜನ ಧಾರವಾಡದ ಹೆಸರು ಮಾತ್ರ ಕೇಳಿರುತ್ತಾರೆ, ಕೆಳದಿಯನ್ನು ಬಿಟ್ಟೇ ಬಿಡುತ್ತಾರೆ. ಘಟ್ಟದ ಮೇಲಿನ ಮನೆತನಗಳಿಗೆ ನನ್ನ ಪ್ರಕಾರ ಮೊದಲು ಹೋಗಬೇಕಾದ್ದು ಅಲ್ಲಿಗೇ.

ಹೊರಡುವ ಮೊದಲು ಫೋನ್ ಮಾಡಿ, ಆಮೇಲೆ ಪತ್ರ ಅಥವಾ ಇಮೇಲ್ ಕಳಿಸಿ. ಪತ್ರದಲ್ಲಿ "ನಮ್ಮ ಮನೆತನದ ಇತಿಹಾಸ ಬೇಕು" ಎಂದು ಬರೆದರೆ ಅವರಿಗೆ ಏನು ತೆಗೆದುಕೊಡಬೇಕೋ ತಿಳಿಯುವುದಿಲ್ಲ. ಊರಿನ ಹೆಸರು, ಹಳೇ ಹೆಸರಿದ್ದರೆ ಅದೂ, ತಾಲೂಕು, ಹುಡುಕುವ ಕಾಲ, ಯಾವ ಬಗೆಯ ದಾಖಲೆ ಎಂದು ಬಿಡಿಸಿ ಬರೆಯಿರಿ. "ಸಿದ್ದಾಪುರ ತಾಲೂಕು ಬಿಳಗಿ ಸೀಮೆಯ ಶಾಸನಗಳು ಮತ್ತು ದಾನಪತ್ರಗಳು" ಎಂದರೆ ಒಂದು ಉತ್ತರ ಬರುತ್ತದೆ. ಅಲ್ಲಿ ಕೆಲಸ ಮಾಡುವವರ ಸಂಖ್ಯೆ ಕಡಿಮೆ, ನೀವು ಮೊದಲೇ ತಿಳಿಸಿದರೆ ಅವರಿಗೂ ಅನುಕೂಲ.

ತೆಗೆದುಕೊಂಡು ಹೋಗಬೇಕಾದ್ದು: ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಮತ್ತು ನಕಲು, ನಿಮ್ಮ ಮನವಿ ಪತ್ರ, ಸಾಧ್ಯವಾದರೆ ಯಾವುದಾದರೂ ಕಾಲೇಜಿನ ಇತಿಹಾಸ ಅಧ್ಯಾಪಕರ ಶಿಫಾರಸು, ಪೆನ್ಸಿಲ್, ನೋಟ್‌ಬುಕ್, ಭೂತಗನ್ನಡಿ. ಹಸ್ತಪ್ರತಿ ಇರುವ ಕಡೆ ಪೆನ್ನಿಗೆ ಅವಕಾಶ ಇರುವುದಿಲ್ಲ. ಫೋಟೊ ತೆಗೆಯಲು ಒಪ್ಪಿಗೆ ಬೇಕು, ಶುಲ್ಕವೂ ಇರಬಹುದು. ಕೇಳದೆ ಮೊಬೈಲ್ ಹೊರಗೆ ತೆಗೆಯಬೇಡಿ, ನಿಮ್ಮ ನಂತರ ಬರುವವರಿಗೂ ಬಾಗಿಲು ಹಾಕುತ್ತಾರೆ.

5. ಒಳಗೆ ಹೋದ ಮೇಲೆ ಏನು ಕೇಳಬೇಕು

ಮೊದಲು ಸೂಚಿ ಕೇಳಿ. ಸೂಚಿ ಅಂದರೆ ಯಾವ ಕಟ್ಟಿನಲ್ಲಿ ಏನಿದೆ ಎಂಬ ಪಟ್ಟಿ. ಅದರಲ್ಲಿ ನಿಮ್ಮ ಅಡ್ಡಹೆಸರು ಹುಡುಕುವುದರಿಂದ ಪ್ರಯೋಜನ ಕಡಿಮೆ. ಊರು, ಸೀಮೆ, ದೇವಸ್ಥಾನ, ಮಠದ ಹೆಸರು ನೋಡಿ. ಹಳೇ ಇಂಗ್ಲಿಷ್ ಕಾಗದದಲ್ಲಿ ಹೊನ್ನಾವರಕ್ಕೆ ಓನೋರ್ (Onore), ಕುಮಟಾಕ್ಕೆ ಕೂಮ್ಟಾ (Coompta) ಎಂದೂ ಬರೆದಿರುತ್ತಾರೆ, ಸೋಂದಾಕ್ಕೆ ಸೋದೆ, ಸ್ವಾದಿ, ಸುಧಾಪುರ ಎಂದೆಲ್ಲ ಇದೆ. ಎಲ್ಲ ರೂಪದಲ್ಲೂ ಹುಡುಕಬೇಕು.

ಗ್ರಂಥಾಲಯದಲ್ಲಿ ಕೇಳಬೇಕಾದ ಮೊದಲ ಪುಸ್ತಕ 1883ರ ಬಾಂಬೆ ಗ್ಯಾಝೆಟಿಯರ್, 15ನೇ ಸಂಪುಟ, ಕೆನರಾ, ಎರಡು ಭಾಗ. ಇದು ಆರ್ಕೈವ್ ಡಾಟ್ ಆರ್ಗ್ ತಾಣದಲ್ಲೂ ಪುಕ್ಕಟೆ ಸಿಗುತ್ತದೆ, ಹೋಗುವ ಮೊದಲೇ ಓದಿಕೊಂಡರೆ ಉತ್ತಮ. ಊರುಗಳ ಇತಿಹಾಸ, ಭೂಮಿಯ ವ್ಯವಸ್ಥೆ, ಬಂದರುಗಳ ವಿವರ ಚೆನ್ನಾಗಿದೆ. ಜಾತಿಗಳ ಬಗ್ಗೆ ಬರೆದ ಅಧ್ಯಾಯವನ್ನು ಮಾತ್ರ ಎಚ್ಚರದಿಂದ ಓದಿ. ಇವರು ಹೀಗೆ, ಅವರು ಹಾಗೆ ಎಂದು ಅಧಿಕಾರಿಗಳು ಯಾರೋ ಹೇಳಿದ್ದನ್ನು ಕೇಳಿ ಬರೆದ ಮಾತು ಬಹಳ ಇದೆ, ಅದನ್ನು ನಿಮ್ಮ ಮನೆತನದ ಇತಿಹಾಸ ಎಂದು ಎತ್ತಿ ಹಾಕಬೇಡಿ. 1800-01ರಲ್ಲಿ ಈ ದಾರಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಬರೆದ ಪ್ರವಾಸದ ವರದಿಯೂ ಊರು, ಬೆಳೆ, ತೋಟದ ವಿವರಕ್ಕೆ ಬಹಳ ಒಳ್ಳೆಯದು.

ಆಮೇಲೆ ಕೈಫಿಯತ್ತುಗಳು. ಕೈಫಿಯತ್ ಅಂದರೆ ಊರಿನವರ ಬಾಯಿಂದ, ಶಾನುಭೋಗರ ಲೆಕ್ಕದಿಂದ ಬರೆಸಿದ ಊರಿನ ಚರಿತ್ರೆ. 19ನೇ ಶತಮಾನದ ಶುರುವಿನಲ್ಲಿ ಕಾಲಿನ್ ಮೆಕೆಂಝಿ ಇವನ್ನು ಸಂಗ್ರಹಿಸಿದ. ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದಾರೆ, ಹಂಪಿ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿದೆ.

ಪಿಎಚ್‌ಡಿ ಪ್ರಬಂಧಗಳ ಕಡೆ ಯಾರೂ ನೋಡುವುದಿಲ್ಲ, ಅದು ದೊಡ್ಡ ನಷ್ಟ. ಶೋಧಗಂಗಾ ತಾಣದಲ್ಲಿ ನಿಮ್ಮ ತಾಲೂಕಿನ ಹೆಸರು ಹಾಕಿ ಹುಡುಕಿ. ಪ್ರಬಂಧದ ಕೊನೆಯಲ್ಲಿ ಇರುವ ಅನುಬಂಧ, ಗ್ರಂಥಸೂಚಿ ಮೊದಲು ಓದಿ. ಯಾವ ಕಡತ, ಯಾವ ಪತ್ರಾಗಾರ, ಯಾವ ನಂಬರ್ ಎಂದು ಇನ್ನೊಬ್ಬರು ವರ್ಷಗಟ್ಟಲೆ ಕಷ್ಟಪಟ್ಟು ಹುಡುಕಿದ್ದು ಅಲ್ಲಿ ಸಾಲಾಗಿ ಇರುತ್ತದೆ.

6. ಲಿಪಿ ಮತ್ತು ತಾರೀಕು

ತಾಳೆಗರಿ ಸಿಕ್ಕಿತು, ಓದಲು ಬರುವುದಿಲ್ಲ. ಇದು ಎಲ್ಲರಿಗೂ ಎದುರಾಗುತ್ತದೆ. ನಮ್ಮ ಕಡೆ ಸಿಗುವ ಲಿಪಿಗಳು ಮುಖ್ಯವಾಗಿ ಮೂರು. ಹಳೇ ಕನ್ನಡ ಕೈಬರಹ, ಸ್ವಲ್ಪ ರೂಢಿಯಾದರೆ ನೀವೇ ಓದಬಹುದು. ತಿಗಳಾರಿ, ಇದು ಹವ್ಯಕರ ಮನೆಗಳಲ್ಲಿ ಸಂಸ್ಕೃತ ಗ್ರಂಥ ಬರೆಯಲು ಬಳಸಿದ್ದು, ಮಲಯಾಳ ಲಿಪಿಯ ಹಾಗೆ ಕಾಣುತ್ತದೆ. ಮೋಡಿ, ಮರಾಠಿಯ ಕೂಡಿಸಿ ಬರೆಯುವ ಲಿಪಿ, ಮುಂಬೈ ಪ್ರಾಂತದ ಕಾಲದ ಕಾಗದಗಳಲ್ಲಿ ಇರುತ್ತದೆ.

ತಿಗಳಾರಿಯ ತಾಳೆಗರಿ ಸಿಕ್ಕ ಕೂಡಲೇ ಅದರಲ್ಲಿ ವಂಶಾವಳಿ ಇದೆ ಎಂದು ಆಸೆ ಇಟ್ಟುಕೊಳ್ಳಬೇಡಿ. ಬಹುಪಾಲು ಮಂತ್ರ, ಪ್ರಯೋಗ, ಜ್ಯೋತಿಷ, ಪುರಾಣ ಇರುತ್ತದೆ. ಕೊನೆಯ ಗರಿ ನೋಡಿ. ಬರೆದವನು ತನ್ನ ಹೆಸರು, ಅಪ್ಪನ ಹೆಸರು, ಊರು, ಸಂವತ್ಸರ ಅಲ್ಲಿ ಹಾಕಿರುತ್ತಾನೆ. ನಿಮಗೆ ಬೇಕಾದ್ದು ಆ ಎರಡು ಸಾಲು.

ಕಡತ ಎಂದರೆ ಈಗ ಫೈಲು. ಆಗ ಅದು ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ ಮಡಚಿದ ಪುಸ್ತಕ, ಬಳಪದಲ್ಲಿ ಬರೆಯುತ್ತಿದ್ದರು. ಬಳಪದ ಬರಹ ಒದ್ದೆ ಬಟ್ಟೆ ತಾಗಿದರೆ ಅಳಿಸಿ ಹೋಗುತ್ತದೆ. ಮನೆಯಲ್ಲಿ ಇಂಥದ್ದಿದ್ದರೆ ಧೂಳು ಒರೆಸಲೂ ಹೋಗಬೇಡಿ. 1800ರಲ್ಲಿ ಕೆನರಾ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಇಲ್ಲಿನ ಜಮೀನಿನ ಹಳೇ ಲೆಕ್ಕ ಹೇಳುವಾಗ ಶಾನುಭೋಗರ ಇಂಥ ಕಪ್ಪು ಪುಸ್ತಕಗಳ ಮಾತು ಎತ್ತಿದ್ದಾನೆ.

ತಾರೀಕಿನ ಲೆಕ್ಕ ಹೀಗೆ. ಶಕ ವರ್ಷಕ್ಕೆ 78 ಕೂಡಿಸಿ, ಜನವರಿಯಿಂದ ಯುಗಾದಿಯ ತನಕದ ದಿನಗಳಾದರೆ 79. ಶಕ 1722 ಅಂದರೆ 1800-01, ರೌದ್ರಿ ಸಂವತ್ಸರ. ಶಕ ಕೊಡದೆ ಬರೀ "ರೌದ್ರಿ ಸಂವತ್ಸರ" ಎಂದಿದ್ದರೆ ಅದು 1800 ಆಗಬಹುದು, 1860 ಆಗಬಹುದು, 1920 ಕೂಡ ಆಗಬಹುದು, ಯಾಕೆಂದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಎರಡು ತಲೆಮಾರು ಹೆಚ್ಚು ಕಡಿಮೆ ಆಗುವುದು ಇಲ್ಲೇ. ಕಾಗದ, ಛಾಪಾ (ಸರ್ಕಾರಿ ಮುದ್ರೆ), ನಾಣ್ಯದ ಹೆಸರು, ಸಾಕ್ಷಿದಾರರ ಹೆಸರು ನೋಡಿ ತೀರ್ಮಾನಿಸಿ. ವರಹದ ಲೆಕ್ಕ ಇದ್ದರೆ ಹಳೆಯದು, ರೂಪಾಯಿ ಆಣೆ ಇದ್ದರೆ ಈಚಿನದು ಎಂದು ಸ್ಥೂಲವಾಗಿ ಹೇಳಬಹುದು. ಮದ್ರಾಸ್ ಕಾಲದ ಕಂದಾಯದ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ, ಅದಕ್ಕೆ 590 ಕೂಡಿಸಿ. ಫಸಲಿ 1210 ಅಂದರೆ 1800ರ ಜುಲೈನಿಂದ ಮುಂದಿನ ಒಂದು ವರ್ಷ.

7. ಜಮೀನು ಹೆಸರಿನಲ್ಲಿ ಇರಲಿಲ್ಲ ಎನ್ನುವವರಿಗೆ

ಹಾಲಕ್ಕಿ, ಮುಕ್ರಿ, ಆಗೇರ, ಸಿದ್ದಿ, ಕುಣಬಿ, ಅಂಬಿಗ, ಖಾರ್ವಿ ಮನೆಗಳ ಹುಡುಗರು ಕೇಳಿದಾಗ "ನಿಮ್ಮದು ಸಿಗುವುದಿಲ್ಲ" ಎಂದು ಹೇಳಿ ಕಳಿಸುವವರಿದ್ದಾರೆ. ಅದು ಸುಳ್ಳು. ಕಷ್ಟ ಹೌದು, ಸಿಗುತ್ತದೆ. ಹುಡುಕುವ ಜಾಗ ಬೇರೆ, ಅಷ್ಟೇ.

ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯಾದ ಮೇಲೆ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟರು. ಭೂನ್ಯಾಯ ಮಂಡಳಿಯ ಆ ಕಡತದಲ್ಲಿ ಗೇಣಿದಾರ ತನ್ನ ಅಪ್ಪ, ಅಜ್ಜ ಯಾವಾಗಿನಿಂದ ಆ ಗದ್ದೆ ಮಾಡಿದರು ಎಂದು ಹೇಳಿಕೆ ಕೊಟ್ಟಿದ್ದಾನೆ, ಅಕ್ಕಪಕ್ಕದವರ ಸಾಕ್ಷಿಯೂ ಇದೆ. ನಿಮ್ಮ ಅಜ್ಜನದೇ ಮಾತು ಅಲ್ಲಿ ಬರಹದಲ್ಲಿ ಸಿಗುತ್ತದೆ. ಇದರಷ್ಟು ಬೆಲೆಬಾಳುವ ಕಾಗದ ನನಗೆ ಬೇರೆ ಕಾಣುವುದಿಲ್ಲ.

ಸೂಪಾ ಅಣೆಕಟ್ಟು, ಕಾರವಾರ ಅಂಕೋಲಾದ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟವರದು ಭೂಸ್ವಾಧೀನದ ಕಡತದಲ್ಲಿ ಇರುತ್ತದೆ. ಪರಿಹಾರ ಹಂಚಲು ವಾರಸುದಾರರ ಪಟ್ಟಿ ಮಾಡಲೇಬೇಕಿತ್ತು, ಮನೆ, ಮರಗಳ ಲೆಕ್ಕವೂ ಇರುತ್ತದೆ. ಈಗ ನೀರಿನಡಿಗೆ ಹೋದ ಊರಿನ ವಿವರಕ್ಕೆ ಅದೇ ಆಧಾರ.

ಶಾಲೆಯ ದಾಖಲಾತಿ ರಜಿಸ್ಟರ್ ನೋಡಿ, ಹೆಡ್ ಮಾಸ್ತರರಿಗೆ ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ. ಧಣಿಗಳ ಮನೆಯ ಗೇಣಿ ಪುಸ್ತಕದಲ್ಲಿ ಒಕ್ಕಲುಗಳ ಹೆಸರು ವರ್ಷ ವರ್ಷದ್ದು ಇರುತ್ತದೆ. ನಿಮ್ಮ ಮನೆಯಲ್ಲಿ ಅಂಥ ಪುಸ್ತಕ ಇದ್ದರೆ ಕೇಳಿ ಬಂದವರಿಗೆ ತೋರಿಸಿ. ಅದು ಅವರ ಮನೆಯ ಇತಿಹಾಸವೂ ಹೌದು. 1932ರ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದಲ್ಲಿ ಜಮೀನು ಜಪ್ತಿಯಾದವರು, ಜೈಲಿಗೆ ಹೋದವರ ದಾಖಲೆ ಮುಂಬೈ ಸರ್ಕಾರದ ಕಾಗದಗಳಲ್ಲಿ ಹುಡುಕಬೇಕು.

8. ಮಠ, ದೇವಸ್ಥಾನ, ಚರ್ಚು

ಸ್ವರ್ಣವಲ್ಲಿ, ರಾಮಚಂದ್ರಾಪುರ, ಸೋದೆ ವಾದಿರಾಜ ಮಠ, ಸೋಂದಾ ಜೈನ ಮಠ, ಶಿರಾಲಿಯ ಚಿತ್ರಾಪುರ ಮಠ, ನಿಮ್ಮದು ಯಾವುದೋ ಅಲ್ಲಿ ಶಿಷ್ಯವರ್ಗದ ಪಟ್ಟಿ, ಕಾಣಿಕೆ ಲೆಕ್ಕ ಇದೆಯೇ ಎಂದು ವಿನಯದಿಂದ ಕೇಳಿ. ಇವು ಸಾರ್ವಜನಿಕ ಕಚೇರಿಗಳಲ್ಲ, ತೋರಿಸಲೇಬೇಕೆಂದಿಲ್ಲ. ಕಾರವಾರ ಕಡೆಯ ಸಾರಸ್ವತರಿಗೆ ಕುಲದೇವರು ಗೋವಾದಲ್ಲಿ, ಅಲ್ಲಿನ ದೇವಸ್ಥಾನಗಳಲ್ಲಿ ಮಹಾಜನರ (ದೇವಸ್ಥಾನದಲ್ಲಿ ವಂಶದ ಹಕ್ಕು ಇರುವವರ) ಪಟ್ಟಿ ಇರುತ್ತದೆ.

ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ರಜಿಸ್ಟರ್‌ಗಳೇ ಮುಖ್ಯ. ಕಾರವಾರ ಧರ್ಮಪ್ರಾಂತ ಆದದ್ದು 1976ರಲ್ಲಿ, ಅದಕ್ಕೂ ಹಿಂದಿನದನ್ನು ಆಯಾ ಚರ್ಚಿನಲ್ಲೇ ವಿಚಾರಿಸಿ. ಟಿಪ್ಪುವಿನ ಕಾಲದಲ್ಲಿ, 1784ರ ಸುಮಾರಿಗೆ, ಕೆನರಾದ ಚರ್ಚುಗಳು ನಾಶವಾದವು, ಹಾಗಾಗಿ ಅದರ ಹಿಂದಿನ ರಜಿಸ್ಟರ್ ಸಿಗುವುದು ಅಪರೂಪ.

9. ಬರೆದಿಡುವ ಕ್ರಮ

ಪ್ರತಿ ಹೆಸರಿನ ಮುಂದೆ ಅದು ಎಲ್ಲಿ ಸಿಕ್ಕಿತು ಎಂದು ಬರೆಯಿರಿ: ಯಾವ ಕಚೇರಿ, ಯಾವ ಕಟ್ಟು, ನಂಬರ್, ಪುಟ, ನೋಡಿದ ತಾರೀಕು. ಬಾಯಿಮಾತಿನದಾದರೆ ಯಾರು ಹೇಳಿದರು ಎಂದು. ಊಹೆಯಾದರೆ ಪೆನ್ಸಿಲ್‌ನಲ್ಲಿ. ನೀವು ನೋಡಿ ಏನೂ ಸಿಗದ ಕಟ್ಟುಗಳ ನಂಬರನ್ನೂ ಬರೆದಿಡಿ, ಇಲ್ಲವಾದರೆ ಮುಂದಿನ ವರ್ಷ ಅದನ್ನೇ ಮತ್ತೆ ತೆಗೆಸುತ್ತೀರಿ.

ಮನೆತನ ಯಾವುದೋ ಅರಸನ ಕಾಲದಿಂದ ಬಂತು, ಉತ್ತರದ ಅಹಿಚ್ಛತ್ರದಿಂದ ಬಂತು ಎಂಬ ಕಥೆ ಎಲ್ಲ ಮನೆಗಳಲ್ಲೂ ಇದೆ. ಬರೆದಿಡಿ, ಬೇರೆ ಪುಟದಲ್ಲಿ. ಕಾಗದದಲ್ಲಿ ಸಿಕ್ಕ ಹೆಸರಿನ ಜೊತೆ ಗೆರೆ ಎಳೆದು ಜೋಡಿಸಬೇಡಿ.

ಮನೆಯಲ್ಲಿರುವ ಹಳೇ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋ ಟೇಪ್ ಹಚ್ಚಬೇಡಿ, ಪಿನ್ನು ಚುಚ್ಚಬೇಡಿ. ಮಳೆಗಾಲದ ಶೀತ ತಾಗದ ಕಡೆ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ತಾಳೆಗರಿಯನ್ನು ಬಿಸಿಲಿಗೆ ಒಣಗಿಸಬೇಡಿ, ಸೀಳುತ್ತದೆ. ಕಾಪಾಡುವುದು ಆಗದು ಅನ್ನಿಸಿದರೆ ಕೆಳದಿಗೋ ಧಾರವಾಡಕ್ಕೋ ಕೊಡುವ ಬಗ್ಗೆ ಮನೆಯವರೆಲ್ಲ ಕೂತು ಮಾತಾಡಿ. ಕೊಡುವಾಗ ಒಂದು ರಶೀದಿ ತೆಗೆದುಕೊಳ್ಳಿ. ಕಾಗದ ಯಾವ ಊರಿನ ಯಾವ ಮನೆಯದು ಎಂದು ಒಂದು ಹಾಳೆ ಬರೆದು ಅದರ ಜೊತೆಗೇ ಕಟ್ಟಿ ಕೊಡಿ.